ಒಂದೇ ಶನಿವಾರ, ಐದು ಸರೋವರ: ಸ್ಕಾಟ್ಲೆಂಡಿನ ವಸಂತದಲ್ಲಿ ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು?

ಏಪ್ರಿಲ್ ಹತ್ತಿರವಾದಂತೆ ಗ್ಲಾಸ್ಗೋ, ಎಡಿನ್‌ಬರೋ ಕಡೆಯ ಕನ್ನಡಿಗರಿಂದ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಒಂದು ಶನಿವಾರ ಬಿಡುವಿದೆ, ಸರೋವರವೂ ಕಾಡೂ ಹಕ್ಕಿಯೂ ಒಟ್ಟಿಗೇ ಸಿಗಬೇಕು. ಲಾಖ್ (ಸರೋವರಕ್ಕೆ ಇಲ್ಲಿನ ಹೆಸರು) ಗಾರ್ಟನ್ನಿಗೆ ಹೋಗುವುದೋ, ಡನ್ಕೆಲ್ಡಿಗೋ, ಲಾಖ್ ಲೋಮಂಡಿಗೋ? ಕೇಳುವವರು ಅಷ್ಟರಲ್ಲಾಗಲೇ ಹೆಸರುವಾಸಿ ಜಾಗಗಳ ಪಟ್ಟಿ ಮಾಡಿಕೊಂಡು, ಎಲ್ಲಿ ಅಪರೂಪದ ಹಕ್ಕಿ ಹೆಚ್ಚಿದೆ ಎಂದು ಲೆಕ್ಕ ಹಾಕಿರುತ್ತಾರೆ. ನನ್ನ ಪ್ರಕಾರ ಆ ಲೆಕ್ಕವೇ ಹಿಂದುಮುಂದಾಗಿದೆ. ನಕ್ಷೆಯನ್ನು ಆಮೇಲೆ ಬಿಡಿಸಿದರೂ ನಡೆಯುತ್ತದೆ. ಮೊದಲು ಕ್ಯಾಲೆಂಡರ್ ನೋಡಿ, ಅದರ ಬೆನ್ನಿಗೇ ರೈಲಿನ ವೇಳಾಪಟ್ಟಿ ನೋಡಿ. ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಯಾವ ವಾರ?

ಇಲ್ಲಿನ ವಸಂತ ಒಮ್ಮೆಲೇ ಬರುವುದಿಲ್ಲ, ಕಂತು ಕಂತಾಗಿ ಬರುತ್ತದೆ. ಮಾರ್ಚ್ ಕೊನೆಗೆ ಚಿಫ್‌ಚಾಫ್ ಎಂಬ ಪುಟ್ಟ ಹಕ್ಕಿ ಬೋಳು ಮರದ ತುದಿಯಲ್ಲಿ ಕುಳಿತು ತನ್ನ ಹೆಸರನ್ನೇ ಎರಡು ಸ್ವರದಲ್ಲಿ ಕೂಗುತ್ತದೆ. ಅದೇ ಹೊತ್ತಿಗೆ ಪಶ್ಚಿಮ ಆಫ್ರಿಕಾದಿಂದ ಆಸ್ಪ್ರೆಗಳು ಮರಳತೊಡಗುತ್ತವೆ. ಆಸ್ಪ್ರೆ ಎಂದರೆ ಮೀನನ್ನೇ ನಂಬಿ ಬದುಕುವ ದೊಡ್ಡ ಡೇಗೆ. ಚಳಿಗಾಲದಲ್ಲಿ ನಮ್ಮ ಕಬಿನಿ, ಭದ್ರಾ ಹಿನ್ನೀರಿನ ಒಣಮರಗಳ ಮೇಲೆ ಕೂರುವುದೂ ಇದೇ ಜಾತಿಯ ಹಕ್ಕಿ. ಆದರೆ ಅಲ್ಲಿಗೆ ಬರುವವು ಬೇರೆ ನಾಡಿನವು, ಸ್ಕಾಟ್ಲೆಂಡಿನವಲ್ಲ. ಏಪ್ರಿಲ್ ಮಧ್ಯಕ್ಕೆ ಕವಲುಬಾಲದ ಸ್ವಾಲೋ ಮತ್ತು ವಿಲೋ ವಾರ್ಬ್ಲರ್ ಬರುತ್ತವೆ. ಏಪ್ರಿಲ್ ಕಡೆಯ ವಾರದಿಂದ ಮೇ ಮೊದಲ ವಾರದೊಳಗೆ ಕುಕ್ಕೂ, ರೆಡ್‌ಸ್ಟಾರ್ಟ್, ಪೈಡ್ ಫ್ಲೈಕ್ಯಾಚರ್, ವುಡ್ ವಾರ್ಬ್ಲರ್ ಸೇರಿಕೊಳ್ಳುತ್ತವೆ. ಕೊನೆಗೆ ಬರುವುದು ಸ್ವಿಫ್ಟ್. ಏಪ್ರಿಲ್ 10ರಂದು ಓಕ್ ಕಾಡಿಗೆ ಹೋಗಿ ಫ್ಲೈಕ್ಯಾಚರ್ ಕಾಣಲಿಲ್ಲ ಎಂದು ಬೇಸರಪಟ್ಟರೆ ಅದು ಕಾಡಿನ ತಪ್ಪಲ್ಲ. ಆ ಹಕ್ಕಿ ಇನ್ನೂ ಸಾವಿರಾರು ಕಿಲೋಮೀಟರ್ ದೂರದಲ್ಲಿರುತ್ತದೆ.

ಇದರ ಜೊತೆಗೆ ಎಲೆಯ ಲೆಕ್ಕವೂ ಇದೆ. ಹೊಸಬರು ಇದನ್ನು ಗಮನಿಸುವುದು ಕಡಿಮೆ. ಏಪ್ರಿಲ್ ಮಧ್ಯದವರೆಗೆ ಬರ್ಚ್, ಓಕ್ ಮರಗಳಲ್ಲಿ ಎಲೆಯಿಲ್ಲದ ಬರೀ ಕೊಂಬೆಗಳು, ಕೂತ ಹಕ್ಕಿ ಕಣ್ಣಿಗೆ ಬೀಳುತ್ತದೆ. ಮರಕುಟಿಗ ಕಾಂಡಕ್ಕೆ ಕೊಕ್ಕು ಬಡಿಯುವುದನ್ನು ಕೇಳಿ, ಸದ್ದು ಬಂದ ಕಡೆ ನಡೆದು, ಹಕ್ಕಿಯನ್ನು ಹುಡುಕಿ ನೋಡಬಹುದು. ಮೇ 15ರ ಹೊತ್ತಿಗೆ ಅದೇ ಕಾಡು ಹಸಿರಿನಿಂದ ತುಂಬಿರುತ್ತದೆ. ಹಾಡು ಮೂರು ಪಟ್ಟು ಹೆಚ್ಚು, ಕಾಣುವುದು ಮೂರರಲ್ಲಿ ಒಂದು. ದುರ್ಬೀನು ಹಿಡಿದು ಅಭ್ಯಾಸವಿಲ್ಲದ ಹಿರಿಯರಿಗೆ ಮತ್ತು ಮಕ್ಕಳಿಗೆ ಏಪ್ರಿಲ್ ಒಳ್ಳೆಯದು. ಕಿವಿಯಿಂದ ಹಕ್ಕಿ ಗುರುತಿಸುವ ಹುಚ್ಚು ಹತ್ತಿದವರಿಗೆ ಮೇ. ಎರಡನ್ನೂ ಒಟ್ಟಿಗೆ ಬಯಸುವವರು ಏಪ್ರಿಲ್ ಕೊನೆಯ ವಾರಾಂತ್ಯವನ್ನು ಹಿಡಿದುಕೊಳ್ಳಲಿ.

ದಾರಿಯ ಗಂಟೆ, ದಡದ ಗಂಟೆ

ಮನೆಯಿಂದ ಹೊರಟು ಮರಳುವವರೆಗೆ ಹನ್ನೆರಡು ಗಂಟೆ ಇದೆ ಎಂದುಕೊಳ್ಳಿ. ಅದರಲ್ಲಿ ಪ್ರಯಾಣವೇ ಆರು ಗಂಟೆ ತಿಂದರೆ, ಊಟ, ಶೌಚಾಲಯ, ದಾರಿ ತಪ್ಪುವುದು, ಮಳೆಗೆ ನಿಲ್ಲುವುದು ಎಲ್ಲ ಕಳೆದು ನಾಲ್ಕು ಗಂಟೆ ಉಳಿದೀತು. ದಡದಲ್ಲಿ ಕಳೆಯುವ ಸಮಯ ಒಟ್ಟು ದಿನದ ಅರ್ಧಕ್ಕಿಂತ ಕಡಿಮೆಯಾಗುವ ಜಾಗವನ್ನು ನಾನು ಒಂದು ದಿನದ ಪ್ರವಾಸ ಎಂದು ಒಪ್ಪುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಮೇ ಮಧ್ಯದಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಗಿನ 5ರ ಆಸುಪಾಸಿನಲ್ಲಿ. ಕಾಡಿನ ಹಾಡಿನ ಜೋರು ಅದಕ್ಕೂ ಮೊದಲೇ ಶುರುವಾಗಿ ಒಂದೆರಡು ಗಂಟೆಯಲ್ಲಿ ತಗ್ಗುತ್ತದೆ. ರೈಲಿನಲ್ಲಿ ಹೋಗುವವರು ಹತ್ತಕ್ಕೆ ಇಳಿಯುತ್ತಾರೆ, ಅಷ್ಟರಲ್ಲಿ ಹಕ್ಕಿಗಳ ಸಂಗೀತ ಕಚೇರಿ ಮುಗಿದಿರುತ್ತದೆ. ಸರೋವರದ ಹಕ್ಕಿಗಳಿಗೆ ಈ ಅವಸರವಿಲ್ಲ. ಬಾತುಗಳು ಇಡೀ ದಿನ ನೀರಿನ ಮೇಲಿರುತ್ತವೆ, ಆಸ್ಪ್ರೆ ನಡುಮಧ್ಯಾಹ್ನವೂ ಮೀನಿಗೆ ಧುಮುಕುತ್ತದೆ. ಹೀಗಾಗಿ ಕಾರಿಲ್ಲದವರು ಸರೋವರ ಪ್ರಧಾನವಾದ ಜಾಗವನ್ನೂ ಕಾರಿದ್ದು ನಾಲ್ಕಕ್ಕೆ ಏಳಬಲ್ಲವರು ಕಾಡು ಪ್ರಧಾನವಾದದ್ದನ್ನೂ ಆರಿಸಿಕೊಳ್ಳುವುದು ಲಾಭ. ರೈಲಿನವರಿಗೆ ಒಂದು ಸಮಾಧಾನವೂ ಇದೆ: ಮೇ ಮಧ್ಯದಲ್ಲಿ ಸೂರ್ಯ ಮುಳುಗುವುದು ರಾತ್ರಿ 9ರ ಮೇಲೆ. ಬ್ಲ್ಯಾಕ್‌ಬರ್ಡ್, ಸಾಂಗ್ ಥ್ರಷ್, ರಾಬಿನ್ ಸಂಜೆಯೂ ಚೆನ್ನಾಗಿ ಹಾಡುತ್ತವೆ. ಬೆಳಗ್ಗೆ ತಡವಾದದ್ದನ್ನು ಸಂಜೆಯ ತಡವಾದ ರೈಲಿನಿಂದ ಸರಿದೂಗಿಸಬಹುದು.

ಖರ್ಚಿನ ಬಗ್ಗೆ ಎರಡು ಮಾತು ಸಾಕು. ಸ್ಕಾಟ್‌ರೈಲ್ 2025ರ ಸೆಪ್ಟೆಂಬರ್ 1ರಿಂದ ದಟ್ಟಣೆಯ ಹೊತ್ತಿನ ಹೆಚ್ಚುವರಿ ದರವನ್ನು ಕೈಬಿಟ್ಟಿದೆ. ಆದ್ದರಿಂದ ವಾರದ ದಿನ ರಜೆ ಹಾಕಿದವರು ಬೆಳಗಿನ ಮೊದಲ ರೈಲು ಹಿಡಿದರೂ ಟಿಕೆಟ್ ತುಟ್ಟಿಯಾಗುವುದಿಲ್ಲ. ಸ್ಕಾಟ್ಲೆಂಡಿನ ನಿವಾಸಿಗಳಲ್ಲಿ 22 ತುಂಬದವರಿಗೂ 60 ದಾಟಿದವರಿಗೂ ಕಾರ್ಡ್ ಇದ್ದರೆ ಬಸ್ ಉಚಿತ. ಎಂ.ಎಸ್ಸಿ. ಓದಲು ಬಂದವರಲ್ಲಿ ಹೆಚ್ಚಿನವರು ಮೊದಲ ಗೆರೆ ದಾಟಿರುತ್ತಾರೆ, ಪ್ರವಾಸಿ ವೀಸಾದ ಅಪ್ಪ ಅಮ್ಮನಿಗೆ ಎರಡನೆಯದು ಸಿಗುವುದಿಲ್ಲ. ಇರಲಿ, ಹದಿಹರೆಯದ ಮಕ್ಕಳಿರುವ ಮನೆಯವರಿಗಂತೂ ಉಪಯೋಗವಾಗುತ್ತದೆ.

ಇನ್ನು ಜಾಗಗಳಿಗೆ ಬರೋಣ.

ಡನ್ಕೆಲ್ಡ್ ಬಳಿಯ ಲಾಖ್ ಆಫ್ ದ ಲೋಸ್

ಪರ್ತ್‌ಶೈರಿನ ಈ ಸರೋವರ ಸ್ಕಾಟಿಷ್ ವೈಲ್ಡ್‌ಲೈಫ್ ಟ್ರಸ್ಟಿನದು. ನನ್ನ ಪಟ್ಟಿಯಲ್ಲಿ ಇದಕ್ಕೇ ಹೆಚ್ಚು ಜಾಗ, ಏಕೆಂದರೆ ಸರೋವರ, ಕಾಡು, ರೈಲು, ಸೂರು ಈ ನಾಲ್ಕೂ ಒಟ್ಟಿಗೆ ಸಿಗುವುದು ಇಲ್ಲೇ.

ದಡದ ಮರೆಮನೆಯಲ್ಲಿ (ಹಕ್ಕಿಗಳಿಗೆ ಕಾಣದಂತೆ ಕೂತು ನೋಡುವ ಗುಡಿಸಲು) ಬೆಂಚಿನ ಮೇಲೆ ಕುಳಿತು, ಉದ್ದನೆಯ ಸಂದಿನಿಂದ ನೋಡಿದರೆ ಪೈನ್ ಮರದ ನೆತ್ತಿಯಲ್ಲಿ ಆಸ್ಪ್ರೆಯ ಗೂಡು ಕಾಣುತ್ತದೆ. ದೂರ ಸುಮಾರು 150 ಮೀಟರ್. ಮೊಟ್ಟೆ ಇಡುವುದು ಸಾಮಾನ್ಯವಾಗಿ ಏಪ್ರಿಲ್ ಮಧ್ಯದಲ್ಲಿ, ಕಾವು ಐದು ವಾರಕ್ಕೂ ಸ್ವಲ್ಪ ಹೆಚ್ಚು. ಇಲ್ಲೊಂದು ಎಚ್ಚರಿಕೆ ಹೇಳಬೇಕು. ಕಾವಿನ ವಾರಗಳಲ್ಲಿ ಹೋದವರಿಗೆ ಬಹಳ ಹೊತ್ತು ಕಾಣುವುದು ಕಡ್ಡಿಗಳ ಅಂಚಿನ ಮೇಲೆ ಒಂದು ಬಿಳಿ ತಲೆ, ಅದರ ಅಡ್ಡಕ್ಕೆ ಕಣ್ಣಿನ ಮೇಲೆ ಹಾದ ಕಂದು ಪಟ್ಟಿ, ಅಷ್ಟೆ. ಹತ್ತು ನಿಮಿಷ ನೋಡಿ ‘ಇಷ್ಟೇನಾ’ ಎಂದು ಎದ್ದುಹೋಗುವವರೇ ಹೆಚ್ಚು. ಕೂತವರಿಗೆ ಪಾಳಿ ಬದಲಾಗುವುದು ಸಿಗುತ್ತದೆ. ಗಂಡು ಮೀನು ಹಿಡಿದು ಬರುತ್ತದೆ, ತಲೆಯ ಭಾಗವನ್ನು ತಾನೇ ತಿಂದು ಮುಗಿಸಿರುವುದೂ ಉಂಟು. ಹಿಡಿದ ಮೀನಿನ ಮೂತಿ ಯಾವಾಗಲೂ ಮುಂದಕ್ಕೆ, ಗಾಳಿಯನ್ನು ಸೀಳುವಂತೆ. ಹೆಣ್ಣು ಏಳುತ್ತದೆ, ಮೀನನ್ನು ಕಸಿದುಕೊಂಡು ಪಕ್ಕದ ಮರಕ್ಕೆ ಹಾರುತ್ತದೆ. ಗಂಡು ಉಗುರುಗಳನ್ನು ಒಳಕ್ಕೆ ಮಡಚಿಕೊಂಡು, ಮೊಟ್ಟೆಗೆ ತಾಗದ ಹಾಗೆ ಹೆಜ್ಜೆ ಹಾಕಿ, ಎದೆಯನ್ನು ಅತ್ತಿತ್ತ ಅಲುಗಿಸುತ್ತ ಮೊಟ್ಟೆಗಳ ಮೇಲೆ ಕೂರುತ್ತದೆ. ಏಪ್ರಿಲ್ ಮೊದಲೆರಡು ವಾರ ಗೂಡು ಕಟ್ಟುವ ಗಡಿಬಿಡಿ ಇರುತ್ತದೆ, ಮೇ ಕೊನೆಗೆ ಮರಿಗಳಿಗೆ ಮೀನು ತಿನ್ನಿಸುವ ಕೆಲಸ. ಬರೀ ಆಸ್ಪ್ರೆಗಾಗಿ ಹೋಗುವುದಾದರೆ ಈ ಎರಡು ತುದಿಗಳನ್ನು ಆರಿಸಿಕೊಳ್ಳಿ.

ನೀರಿನ ಮೇಲೆ ಜುಟ್ಟಿನ ಗುಳುಮುಳುಕಗಳು, ಗೋಲ್ಡನ್‌ಐ ಬಾತುಗಳು. ಟ್ರಸ್ಟಿನ ಸಂದರ್ಶಕರ ಕೇಂದ್ರದ ಒಳಗಿನ ದೊಡ್ಡ ಗಾಜಿನ ಕಿಟಕಿಯಾಚೆ ಕಾಳಿಗೆ ಬರುವ ಸಣ್ಣ ಹಕ್ಕಿಗಳು ಮತ್ತು ಕೆಂಪು ಅಳಿಲು. ಚಿಕ್ಕ ಮಕ್ಕಳನ್ನು ಮರೆಮನೆಯಲ್ಲಿ ಸುಮ್ಮನಿರಿಸಲು ಒದ್ದಾಡುವ ಬದಲು ಈ ಕಿಟಕಿಯ ಮುಂದೆ ಕೂರಿಸಿದರೆ ಅರ್ಧ ಗಂಟೆ ನೆಮ್ಮದಿ. ಗೂಡಿನ ನೇರ ಚಿತ್ರ ತೋರಿಸುವ ಪರದೆಯೂ ಇದೆ. ದಡದ ಮರಗಳ ಬುಡದಲ್ಲಿ, ಹಲ್ಲಿನಿಂದ ಮರ ಉರುಳಿಸುವ ಬೀವರ್ ಎಂಬ ನೀರುಪ್ರಾಣಿ ಕಡಿದ ಗುರುತು ಕಂಡರೆ ಹತ್ತಿರ ಹೋಗಿ ನೋಡಿ. ಹಲ್ಲಿನ ಒಂದೊಂದು ಗೀರೂ ಬೇರೆ ಬೇರೆಯಾಗಿ ಎಣಿಸುವಷ್ಟು ಸ್ಪಷ್ಟವಿರುತ್ತದೆ. ಬೀವರ್ ಸಿಗುವುದು ಮುಸ್ಸಂಜೆಗೆ ಮಾತ್ರ.

ತೊಂದರೆ ಎಲ್ಲಿದೆ ಎಂದರೆ ದಾರಿಯ ಕೊನೆಯ ತುಂಡಿನಲ್ಲಿ. ಎಡಿನ್‌ಬರೋದಿಂದ ಡನ್ಕೆಲ್ಡ್ ಮತ್ತು ಬರ್ನಮ್ ನಿಲ್ದಾಣಕ್ಕೆ ಒಂದೂವರೆ ಗಂಟೆಯ ಆಚೀಚೆ, ಆದರೆ ರೈಲುಗಳ ನಡುವಿನ ಅಂತರ ಉದ್ದ, ಭಾನುವಾರ ಇನ್ನೂ ಕಡಿಮೆ. ನಿಲ್ದಾಣದಿಂದ ಊರಿಗೆ ಕಾಲು ಗಂಟೆ ನಡಿಗೆ, 1809ರ ಕಲ್ಲಿನ ಸೇತುವೆಯ ಮೇಲೆ ಟೇ ನದಿ ದಾಟಿ. ಅಲ್ಲಿಂದ ಸರೋವರಕ್ಕೆ ಮತ್ತೆ ಮೂರು ಕಿಲೋಮೀಟರ್, ಕಾಡಂಚಿನ ಕಾಲುದಾರಿಯಲ್ಲಿ. ನಡೆಯುವವರಿಗೆ ಇದು ತೊಂದರೆಯಲ್ಲ, ಪ್ರವಾಸದ ಭಾಗವೇ. ಮಂಡಿನೋವಿನವರಿಗೆ ಊರಿನಿಂದ ಟ್ಯಾಕ್ಸಿ ಮೊದಲೇ ಹೇಳಿಡಬೇಕು. ಸದಸ್ಯರಲ್ಲದವರಿಗೆ ಪ್ರವೇಶ ಶುಲ್ಕವಿದೆ. ಹಿಂದಿರುಗುವಾಗ ಸಮಯ ಉಳಿದರೆ ಬರ್ನಮ್ ಓಕ್ ನೋಡಿ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ನಲ್ಲಿ ನಡೆದು ಬರುವ ಆ ಕಾಡಿನ ಅಳಿದುಳಿದ ಮರವೆಂದು ಅದನ್ನು ಹೇಳುತ್ತಾರೆ. ಈಗ ಊರುಗೋಲುಗಳ ಮೇಲೆ ನಿಂತಿದೆ.

ಅಬರ್ನೆಥಿಯ ಲಾಖ್ ಗಾರ್ಟನ್

ಹೆಸರಿನ ಭಾರದಲ್ಲಿ ಇದನ್ನು ಮೀರಿಸುವ ಜಾಗವಿಲ್ಲ. ಮೊಟ್ಟೆ ಕದಿಯುವವರು, ಬೇಟೆಯವರು ಸೇರಿ ಸ್ಕಾಟ್ಲೆಂಡಿನಿಂದ ಅಳಿಸಿಹಾಕಿದ್ದ ಆಸ್ಪ್ರೆ 1954ರಲ್ಲಿ ಮತ್ತೆ ಗೂಡು ಕಟ್ಟಿದ್ದು ಈ ಸೀಮೆಯಲ್ಲಿ. 1958ರಲ್ಲಿ ಕಾವಲಿದ್ದರೂ ಗೂಡಿಗೆ ಕನ್ನ ಬಿತ್ತು. 1959ರಲ್ಲಿ ಹಕ್ಕಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ವಿಚಿತ್ರವೆನಿಸುವ ಒಂದು ಕೆಲಸ ಮಾಡಿತು. ಗೂಡಿನ ಗುಟ್ಟು ಕಾಯುವ ಬದಲು ಅದನ್ನು ಸಾರ್ವಜನಿಕರಿಗೆ ತೆರೆದು ತೋರಿಸಿತು. ಸಾವಿರಾರು ಕಣ್ಣುಗಳೇ ಕಾವಲಾದವು. ಆ ವರ್ಷ ಮರಿಗಳು ಹಾರಿದವು.

ಸುತ್ತಲಿನದು ಹಳೆಯ ಕ್ಯಾಲಿಡೋನಿಯನ್ ಪೈನ್ ಕಾಡು. ಕೆಂಪು ತೊಗಟೆ, ನೆಲದ ಮೇಲೆ ಬ್ಲೇಬೆರಿ ಪೊದೆ, ನಡುನಡುವೆ ಜೂನಿಪರ್. ಬ್ರಿಟನ್ನಿನಲ್ಲಿ ಬೇರೆಲ್ಲೂ ಸಿಗದ, ಜುಟ್ಟಿರುವ ಪುಟ್ಟ ಹಕ್ಕಿ ಕ್ರೆಸ್ಟೆಡ್ ಟಿಟ್, ಸ್ಕಾಟಿಷ್ ಕ್ರಾಸ್‌ಬಿಲ್, ದೊಡ್ಡ ಕಾಡುಕೋಳಿಯಂಥ ಕ್ಯಾಪರ್‌ಕೇಲಿ ಇರುವುದು ಹೈಲ್ಯಾಂಡಿನ ಇಂಥ ಕಾಡುಗಳಲ್ಲಿ. ಓದಿದವರ ಬಾಯಲ್ಲಿ ನೀರೂರುವುದು ಸಹಜ. ಆದರೆ ವಸಂತದಲ್ಲಿ ಒಂದು ದಿನಕ್ಕೆ ಹೋದವರ ಕೈಗೆ ಇವುಗಳಲ್ಲಿ ಏನು ಸಿಕ್ಕೀತು? ಕ್ರೆಸ್ಟೆಡ್ ಟಿಟ್ ಸುಲಭವಾಗಿ ಕಾಣುವುದು ಚಳಿಗಾಲದಲ್ಲಿ, ಕಾಳಿನ ಗೂಡುಗಳಿಗೆ ಬರುವಾಗ. ವಸಂತದಲ್ಲಿ ಅದು ಸದ್ದಿಲ್ಲದೆ ಸಂಸಾರದಲ್ಲಿರುತ್ತದೆ. ಕ್ಯಾಪರ್‌ಕೇಲಿಯನ್ನಂತೂ ಹುಡುಕಲೇ ಕೂಡದು. 2021–22ರ ಸಮೀಕ್ಷೆಯಲ್ಲಿ ಇಡೀ ದೇಶಕ್ಕೆ ಉಳಿದಿದ್ದು ಅಂದಾಜು 532. ಗಂಡುಗಳು ಕುಣಿಯುವ ಏಪ್ರಿಲ್, ಮೇ ತಿಂಗಳಲ್ಲಿ ದಾರಿ ಬಿಟ್ಟು ಕಾಡಿಗೆ ನುಗ್ಗಿ ಅವನ್ನು ಕದಲಿಸುವುದು ಕಾನೂನಿನ ಪ್ರಕಾರ ಅಪರಾಧ. ಅದಕ್ಕೂ ಮೊದಲು, ಮಾನಗೆಟ್ಟ ಕೆಲಸ.

ಎಡಿನ್‌ಬರೋದಿಂದಾಗಲಿ ಗ್ಲಾಸ್ಗೋದಿಂದಾಗಲಿ ಕಾರಿನಲ್ಲಿ ಎರಡೂಮುಕ್ಕಾಲು ಗಂಟೆ, ರೈಲಾದರೆ ಏವಿಮೋರ್‌ವರೆಗೆ ಮೂರು ಗಂಟೆಗೆ ಹತ್ತಿರ, ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ. ನನ್ನ ಅಳತೆಗೋಲಿನಲ್ಲಿ ಇದು ಒಂದು ದಿನದ ಪ್ರವಾಸದಿಂದ ಹೊರಗೆ ಬೀಳುತ್ತದೆ. ಒಂದು ರಾತ್ರಿ ಉಳಿಯುವುದಾದರೆ ಮಾತು ಬೇರೆ. ಆಗ ಬೆಳಗಿನ ಐದಕ್ಕೆ ಲಾಖ್ ಗಾರ್ಟನ್–ಲಾಖ್ ಮಾಲಖಿ ಕಾಲುದಾರಿ ನಿಮ್ಮದೇ, ಮಧ್ಯಾಹ್ನಕ್ಕೆ ನಡುಗಡ್ಡೆಯ ಕೋಟೆಯಿರುವ ಲಾಖ್ ಆನ್ ಏಲನ್. ಹಾಗೆ ಉಳಿದವರಿಗೆ ಐದೂ ಜಾಗಗಳಲ್ಲಿ ಅಬರ್ನೆಥಿಯೇ ಮೊದಲು. ಒಂದೇ ದಿನದಲ್ಲಿ ಹೋಗಿಬರುತ್ತೇನೆ ಎಂದು ಹಟ ಹಿಡಿದವರು ಇನ್ನೊಬ್ಬ ಚಾಲಕರನ್ನು ಜೊತೆಗಿಟ್ಟುಕೊಳ್ಳಿ.

ಲಾಖ್ ಲೆವೆನ್

ಎಡಿನ್‌ಬರೋದವರಿಗೆ ಮುಕ್ಕಾಲು ಗಂಟೆ. ಕಿನ್‌ರಾಸ್ ಪಟ್ಟಣಕ್ಕೆ ರೈಲಿಲ್ಲ, ಬಸ್ಸಿದೆ. ಸರೋವರದ ಸುತ್ತ 21 ಕಿಲೋಮೀಟರಿನ ಸಮತಟ್ಟು ಹಾದಿ. ಗಾಲಿಕುರ್ಚಿ, ಮಗುವಿನ ಗಾಡಿ, ಸೈಕಲ್ ಎಲ್ಲವೂ ಸಲೀಸಾಗಿ ಸಾಗುತ್ತವೆ. ಪೂರ್ತಿ ಸುತ್ತುವ ಹಂಗೇನೂ ಇಲ್ಲ. ದಕ್ಷಿಣ ದಡದಲ್ಲಿ ಆರ್‌ಎಸ್‌ಪಿಬಿ ಕೇಂದ್ರವಿದೆ, ಕಾಫಿ ಊಟದ ವ್ಯವಸ್ಥೆಯಿದೆ, ರಸ್ತೆಯಡಿಯ ಸುರಂಗದಾರಿ ದಾಟಿದರೆ ಮರೆಮನೆಗಳು.

ಚಳಿಗಾಲದಲ್ಲಿ ಇಲ್ಲಿ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡಿನ ಗುಲಾಬಿ ಕಾಲಿನ ಹೆಬ್ಬಾತುಗಳು ಸಾವಿರಗಟ್ಟಲೆ ಇಳಿಯುತ್ತವೆ. ಗದಗಿನ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತು ಕಂಡವರಿಗೆ ಆ ಗದ್ದಲದ ಅಂದಾಜು ಇರುತ್ತದೆ. ಏಪ್ರಿಲ್ ಮೊದಲ ಭಾಗದಲ್ಲಿ ಹೋದರೆ ಹೊರಟು ನಿಂತ ಕೊನೆಯ ಹಿಂಡುಗಳು ಸಿಕ್ಕಾವು. ಆಮೇಲೆ ಸರೋವರ ಬಾತುಗಳದ್ದು. ಒಳನಾಡಿನಲ್ಲಿ ಗೂಡು ಕಟ್ಟುವ ಬಾತುಗಳಿಗೆ ಬ್ರಿಟನ್ನಿನಲ್ಲೇ ಇದು ದೊಡ್ಡ ನೆಲೆ. ಹುಲ್ಲುಗಾವಲ ಮೇಲೆ ಟಿಟ್ಟಿಭದ ಹತ್ತಿರದ ಬಂಧು ಲ್ಯಾಪ್‌ವಿಂಗ್ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಕೀರಲು ದನಿಯಲ್ಲಿ ಕೂಗುತ್ತದೆ. ಮೀನು ಹಿಡಿಯಲು ಆಸ್ಪ್ರೆಯೂ ಬರುತ್ತದೆ, ಆದರೆ ಯಾವಾಗ ಎಂದು ಯಾರೂ ಹೇಳಲಾರರು.

ಕಾಡು ಮಾತ್ರ ಇಲ್ಲಿ ಎರಡನೇ ದರ್ಜೆ. ವೇನ್ ಹಿಲ್‌ನ ಬರ್ಚ್ ತೋಪು, ದಡದ ಕೆಲವು ಪೈನ್ ಪಟ್ಟಿಗಳು, ಅಷ್ಟಕ್ಕೆ ತೃಪ್ತಿಪಡಬೇಕು. ಬಯಲಾದ್ದರಿಂದ ಗಾಳಿಯ ಕಾಟವೂ ಉಂಟು. ಅಲೆಯೆದ್ದ ದಿನ ಬಾತು ತಲೆಯೆತ್ತಿತೋ ಮುಳುಗಿತೋ ತಿಳಿಯುವುದಿಲ್ಲ. ಬಸ್ಸಿನಲ್ಲಿ ಬಂದವರಿಗೆ ಕಿನ್‌ರಾಸ್‌ನಿಂದ ಆರ್‌ಎಸ್‌ಪಿಬಿ ಕೇಂದ್ರ ಆರೇಳು ಕಿಲೋಮೀಟರ್ ದೂರ. ಅಷ್ಟು ನಡೆಯಲಾಗದಿದ್ದರೆ ಕಿನ್‌ರಾಸ್ ಬದಿಯ ಮರೆಮನೆಗಳಿಗೇ ನಿಲ್ಲಿ. ಮನೆಯಲ್ಲಿ ಹಕ್ಕಿಯೆಂದರೆ ಆಕಳಿಸುವವರಿದ್ದರೆ ಅವರನ್ನು ದೋಣಿ ಹತ್ತಿಸಿ ನಡುಗಡ್ಡೆಯ ಕೋಟೆಗೆ ಕಳಿಸಬಹುದು. ರಾಣಿ ಮೇರಿಯನ್ನು 1567ರಲ್ಲಿ ಕೂಡಿಹಾಕಿದ್ದು ಅಲ್ಲಿ, ಮರುವರ್ಷ ಮೇ ತಿಂಗಳಲ್ಲಿ ಅವಳು ತಪ್ಪಿಸಿಕೊಂಡದ್ದೂ ಅಲ್ಲಿಂದಲೇ.

ಲಾಖ್ ಲೋಮಂಡಿನ ಓಕ್ ಕಾಡುಗಳು

ಇದು ಮೇ ತಿಂಗಳಿನ ಜಾಗ, ಏಪ್ರಿಲ್‌ನಲ್ಲಿ ಹೋಗಬೇಡಿ. ಪೂರ್ವ ದಡದ ಇನ್ವರ್‌ಸ್ನೇಡಿನಲ್ಲಿ ಪಾಚಿ ಹೊದ್ದ ಕಡಿದಾದ ಓಕ್ ಕಾಡಿದೆ. ಪೈಡ್ ಫ್ಲೈಕ್ಯಾಚರ್, ರೆಡ್‌ಸ್ಟಾರ್ಟ್, ವುಡ್ ವಾರ್ಬ್ಲರ್ ಮೂರೂ ಒಂದೇ ಇಳಿಜಾರಿನಲ್ಲಿ ಸಿಗುತ್ತವೆ. ವುಡ್ ವಾರ್ಬ್ಲರಿನ ಹಾಡನ್ನು ಒಮ್ಮೆ ಕೇಳಿದರೆ ಮರೆಯುವಂತಿಲ್ಲ. ಸ್ಟೀಲ್ ತಟ್ಟೆಯಲ್ಲಿ ತಿರುಗಿಸಿಬಿಟ್ಟ ನಾಣ್ಯ ಬೀಳುವ ಮುನ್ನ ವೇಗ ಹೆಚ್ಚಿಸಿಕೊಂಡು ನಡುಗುತ್ತದಲ್ಲ, ಹಾಗೆ. ಹಾಡುವಾಗ ಇಡೀ ಮೈ ಕಂಪಿಸುತ್ತದೆ, ಬಾಲದ ತುದಿಯವರೆಗೂ. ರೆಡ್‌ಸ್ಟಾರ್ಟಿನ ಬಾಲ ಹಾಡದಿದ್ದಾಗಲೂ ನಡುಗುತ್ತಲೇ ಇರುತ್ತದೆ. ಚಳಿಗಾಲಕ್ಕೆ ಕರ್ನಾಟಕಕ್ಕೆ ಬರುವ ಬ್ಲ್ಯಾಕ್ ರೆಡ್‌ಸ್ಟಾರ್ಟ್ ಕಂಡವರಿಗೆ ಅದೇ ಮನೆತನದ ಚಾಳಿ ಎಂದು ಗೊತ್ತಾಗುತ್ತದೆ.

ಆದರೆ ಇನ್ವರ್‌ಸ್ನೇಡ್ ತಲುಪಲು ಅಬರ್‌ಫಾಯ್ಲ್ ಮೂಲಕ ಒಂಟಿಪಥದ ರಸ್ತೆ. ಎದುರು ಬಂದವರಿಗೆ ದಾರಿ ಬಿಡಲು ಅಲ್ಲಲ್ಲಿ ಅಗಲ ಮಾಡಿದ್ದಾರೆ, ಹಕ್ಕಿ ಕಂಡಿತೆಂದು ಅಲ್ಲೇ ಕಾರು ನಿಲ್ಲಿಸಿ ಬೈಸಿಕೊಳ್ಳಬೇಡಿ. ಇಳಿದ ಮೇಲೂ ಕಾಲುದಾರಿ ಏರು, ಜಾರು. ಸೂರಿಲ್ಲ. ವಯಸ್ಸಾದವರನ್ನು ಕರೆದೊಯ್ಯುವ ಜಾಗ ಇದಲ್ಲ ಎಂದು ಖಂಡಿತವಾಗಿ ಹೇಳುತ್ತೇನೆ.

ಅದರ ಬದಲು ಇಂಚ್‌ಕಾಯ್ಲಾಖ್ ನಡುಗಡ್ಡೆಯನ್ನು ಯೋಚಿಸಬಹುದು. ಗ್ಲಾಸ್ಗೋದಿಂದ ಬಲಾಖ್‌ವರೆಗೆ ರೈಲು, ಅಲ್ಲಿಂದ ಬಾಲ್ಮಹಾಗೆ ಬಸ್ಸು, ಅಲ್ಲಿಂದ ಕೆಲವೇ ನಿಮಿಷದ ದೋಣಿ. ಮೇ ಮೊದಲ ಎರಡು ವಾರ ಓಕ್ ಮರಗಳ ಕೆಳಗೆ ನೆಲವೆಲ್ಲ ಬ್ಲೂಬೆಲ್ ಹೂವು. ಹಕ್ಕಿಗಳ ಪಟ್ಟಿ ಇನ್ವರ್‌ಸ್ನೇಡಿಗಿಂತ ಚಿಕ್ಕದು, ಆದರೆ ವಿಲೋ ವಾರ್ಬ್ಲರ್, ಬ್ಲ್ಯಾಕ್‌ಕ್ಯಾಪ್ ತುಂಬಿ ಹಾಡುತ್ತವೆ. ಹಕ್ಕಿಯಷ್ಟೇ ಹೂವೂ ಬೇಕೆನ್ನುವ ಸಂಸಾರಸ್ಥರಿಗೆ ಇದೇ ಸರಿ. ಹೂವಿನ ಮೇಲೆ ಕೂರಿಸಿ ಫೋಟೊ ತೆಗೆಯುವ ಆಸೆಯನ್ನು ಮಾತ್ರ ತಡೆದುಕೊಳ್ಳಿ. ತುಳಿದ ಬ್ಲೂಬೆಲ್ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ.

ಪಶ್ಚಿಮದ ಈ ಕಾಡುಗಳಲ್ಲಿ ಉಣುಗು ಇರುತ್ತದೆ. ಮಂಗನ ಕಾಯಿಲೆಯ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಇಲ್ಲಿ ಅದು ಹರಡುವುದು ಲೈಮ್ ಕಾಯಿಲೆಯನ್ನು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದು ಮಂಡಿ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ. ಮೇ ಕೊನೆಯಿಂದ ಮಿಜ್ ಎಂಬ ಸಣ್ಣ ನೊರಜು ಶುರು, ಅದಕ್ಕೆ ಮೊದಲೇ ಹೋಗಿಬರುವುದು ಜಾಣತನ.

ಲಾಖ್‌ವಿನ್ನಖ್

ಯಾರೂ ಕೇಳದ, ನಾನು ಹೆಚ್ಚು ಸಲ ಸೂಚಿಸುವ ಜಾಗ. ಗ್ಲಾಸ್ಗೋ ಸೆಂಟ್ರಲ್‌ನಿಂದ ಅರ್ಧ ಗಂಟೆಯೊಳಗೆ ರೈಲು ಇಳಿಸುತ್ತದೆ. ಮೀಸಲು ಪ್ರದೇಶ ನಿಲ್ದಾಣದ ಎದುರಿಗೇ. ಕಾಸಲ್ ಸೆಂಪಲ್ ಸರೋವರ, ಪಕ್ಕದಲ್ಲಿ ಪಾರ್ಕ್‌ಹಿಲ್ ಕಾಡು, ಹಳೆಯ ರೈಲುಮಾರ್ಗವನ್ನೇ ಸೈಕಲ್ ದಾರಿ ಮಾಡಿದ್ದಾರೆ. ಅಪರೂಪದ್ದು ಏನೂ ಇಲ್ಲ, ಆದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಜುಟ್ಟಿನ ಗುಳುಮುಳುಕಗಳ ಪ್ರಣಯವಿದೆ. ಜೋಡಿ ಎದುರುಬದುರು ನಿಂತು, ಕೆನ್ನೆಯ ಕಂದು ಗರಿಗಳನ್ನು ಅರಳಿಸಿ, ತಲೆಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತವೆ. ಅದೃಷ್ಟವಿದ್ದರೆ ಎರಡೂ ಮುಳುಗಿ, ಕೊಕ್ಕಿನಲ್ಲಿ ನೀರುಕಳೆ ಕಚ್ಚಿಕೊಂಡು ಎದ್ದು, ಎದೆಗೆ ಎದೆ ತಾಗಿಸಿ ನೀರಿನ ಮೇಲೆ ನಿಂತೇಬಿಡುತ್ತವೆ. ಕೆಲವೇ ಸೆಕೆಂಡು. ಇದನ್ನು ಕಾಣಲು ಬೇಕಾದದ್ದು ದೂರದ ಪ್ರಯಾಣವಲ್ಲ, ಒಂದೇ ದಡದಲ್ಲಿ ಎರಡು ಗಂಟೆ ಕದಲದೆ ಕೂರುವ ತಾಳ್ಮೆ. ವಾರಾಂತ್ಯದ ಮಧ್ಯಾಹ್ನ ದೋಣಿ, ಸೈಕಲ್, ನಾಯಿಗಳ ಸಂತೆ ಸೇರುತ್ತದೆ. ಹನ್ನೊಂದರೊಳಗೆ ನೋಡಿ ಮುಗಿಸಿ. ಎಡಿನ್‌ಬರೋದವರಿಗೆ ಇದಕ್ಕೆ ಸಮನಾದದ್ದು ಲಿನ್ಲಿತ್‌ಗೋ ಸರೋವರ, ರೈಲಿನಲ್ಲಿ ಇಪ್ಪತ್ತು ನಿಮಿಷ. ಅರಮನೆಯ ಪಾಳು ಹಿನ್ನೆಲೆಯಲ್ಲಿದೆ, ಕಾಡು ಎನ್ನುವಂಥದ್ದೇನೂ ಇಲ್ಲ.

ಹಾಗಾದರೆ ನಿಮಗೆ ಯಾವುದು?

ಏಪ್ರಿಲ್ 20ಕ್ಕೆ ಮೊದಲು, ಕಾರಿಲ್ಲ, ನಡೆಯಬಲ್ಲಿರಿ: ಡನ್ಕೆಲ್ಡ್. ಎರಡನೇ ಯೋಚನೆ ಬೇಡ. ಅಪ್ಪ ಅಮ್ಮ ಜೊತೆಗಿದ್ದು ಕಾರಿದ್ದರೆ ಆಕಾಶ ನೋಡಿ. ಗಾಳಿಯಿಲ್ಲದ ದಿನ ಲಾಖ್ ಲೆವೆನ್, ಮಳೆಯ ಸೂಚನೆಯಿದ್ದರೆ ಲಾಖ್ ಆಫ್ ದ ಲೋಸ್, ಅಲ್ಲಿ ಗಾಜಿನ ಹಿಂದೆ ಬೆಚ್ಚಗೆ ಕೂತೂ ನೋಡಬಹುದು. ಗಾಲಿಕುರ್ಚಿ ಇದ್ದರೆ ಲೆವೆನ್ ಒಂದೇ. ಕೈಯಲ್ಲಿ ಕಾಸು ಕಡಿಮೆ, ಗ್ಲಾಸ್ಗೋದ ವಿದ್ಯಾರ್ಥಿ, ಸಂಜೆ ಪಾಳಿಯ ಕೆಲಸಕ್ಕೆ ಮರಳಬೇಕು ಎಂದರೆ ಲಾಖ್‌ವಿನ್ನಖ್. ಟಿಕೆಟ್ ಬಿಟ್ಟರೆ ಖರ್ಚೇ ಇಲ್ಲ. ಮೇ 5ರಿಂದ 20ರ ನಡುವೆ ಕಾರು, ಗಟ್ಟಿ ಕಾಲು, ಬೆಳಗಿನ ನಾಲ್ಕಕ್ಕೆ ಏಳುವ ಮನಸ್ಸು ಮೂರೂ ಇದ್ದರೆ ಇನ್ವರ್‌ಸ್ನೇಡ್, ಮೂರರಲ್ಲಿ ಒಂದು ಕಡಿಮೆಯಾದರೂ ಇಂಚ್‌ಕಾಯ್ಲಾಖ್. ಸೋಮವಾರವೂ ರಜೆಯಿರುವ ಮೇ ಮೊದಲ ವಾರಾಂತ್ಯ ಕೈಗೆ ಸಿಕ್ಕರೆ ಮಾತ್ರ ಅಬರ್ನೆಥಿ, ಅದೂ ವಸತಿಯನ್ನು ತಿಂಗಳುಗಳ ಮೊದಲೇ ಕಾದಿರಿಸಿ.

ವರ್ಷಕ್ಕೆ ಎರಡು ಸಲ ಹೋಗಬಲ್ಲವರಿಗೆ ನನ್ನ ಸಲಹೆ ಬೇರೆ. ಏಪ್ರಿಲ್ ಆರಂಭದಲ್ಲಿ ಲಾಖ್‌ವಿನ್ನಖ್, ಮೇ ಮಧ್ಯದಲ್ಲಿ ಲೋಮಂಡಿನ ಓಕ್ ಕಾಡು. ಒಂದು ಸಲ ಅಬರ್ನೆಥಿಗೆ ಓಡಿಹೋಗಿ ಬರುವ ಖರ್ಚಿನಲ್ಲಿ ಇವೆರಡೂ ಮುಗಿದು ಇನ್ನೂ ಉಳಿಯುತ್ತದೆ, ನೋಡುವ ಹಕ್ಕಿಗಳೂ ಹೆಚ್ಚು.

ಎಲ್ಲಿಗೆ ಹೋದರೂ ಬೇಕಾಗುವ ಸಾಮಾನು ಒಂದೇ. ದುರ್ಬೀನು 8x32 ಅಥವಾ 8x42 ಸಾಕು. ಹತ್ತು ಪಟ್ಟು ಹಿಗ್ಗಿಸುವುದು ಹೊಸಬರ ಕೈಯಲ್ಲಿ ನಡುಗುತ್ತದೆ. ಮೇ ತಿಂಗಳಲ್ಲೂ ಕೈಗವಸು ಇರಲಿ, ದಡದಲ್ಲಿ ಕದಲದೆ ಕೂತವರಿಗೆ ಅದರ ಬೆಲೆ ಗೊತ್ತು. ಹಾಡು ಗುರುತಿಸಲು ಕಾರ್ನೆಲ್ ಸಂಸ್ಥೆಯ ಮರ್ಲಿನ್ ಆ್ಯಪ್ ಉಚಿತ. ಸಂಕೇತ ಸಿಗದ ಕಡೆಗೆಂದು ಈ ಪ್ರದೇಶದ ಹಕ್ಕಿಗಳ ಕಂತೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಆದರೆ ಅದರಲ್ಲಿರುವ ಹಾಡನ್ನು ಕಾಡಿನಲ್ಲಿ ಜೋರಾಗಿ ನುಡಿಸಿ ಹಕ್ಕಿಯನ್ನು ಕರೆಯಬಾರದು, ಗೂಡಿನ ಕಾಲದಲ್ಲಿ ಎದುರಾಳಿ ಬಂದನೆಂದು ಅದು ಕಂಗಾಲಾಗುತ್ತದೆ. ಬುತ್ತಿಗೆ ಚಪಾತಿ ಪಲ್ಯ, ಮೊಸರನ್ನ ಒಳ್ಳೆಯದು. ಮರೆಮನೆಯಲ್ಲಿ ಚಿಪ್ಸ್ ಪೊಟ್ಟಣ ಬಿಚ್ಚಿದವರನ್ನು ಪಕ್ಕದವರು ನೋಡುವ ನೋಟ ಅನುಭವಿಸಿದವರಿಗೇ ಗೊತ್ತು.

ಹೊರಡುವ ಹಿಂದಿನ ರಾತ್ರಿ ಮೂರು ಸಂಗತಿ ಪರೀಕ್ಷಿಸಿ: ಹಿಂದಿರುಗುವ ಕೊನೆಯ ರೈಲೋ ಬಸ್ಸೋ ಎಷ್ಟಕ್ಕೆ, ಕೇಂದ್ರ ತೆರೆಯುವುದು ಎಷ್ಟಕ್ಕೆ, ಗಾಳಿಯ ವೇಗ ಎಷ್ಟು. ಗಂಟೆಗೆ 20 ಮೈಲಿ ದಾಟುತ್ತದೆ ಎಂದಿದ್ದರೆ ಲೆವೆನ್ ಕೈಬಿಟ್ಟು ಡನ್ಕೆಲ್ಡಿಗೆ ಟಿಕೆಟ್ ತೆಗೆಯಿರಿ.